ಸ್ತನದ ರಚನೆ ಮತ್ತು ಉರಿಯೂತ: ಮಹಿಳೆಯರು ತಿಳಿದಿರಬೇಕಾದ ಸಂಗತಿಗಳು

ಸ್ತನದಲ್ಲಿ ಬಾವು, ಕೆಂಪು ಅಥವಾ ನೋವು ಕಾಣಿಸಿಕೊಂಡಾಗ ಅದನ್ನು ಮನೆಯವರಲ್ಲಿ ಹೇಳಿಕೊಳ್ಳಲೂ ಅನೇಕ ಮಹಿಳೆಯರು ಸಂಕೋಚಪಡುತ್ತಾರೆ. ಹಾಲುಣಿಸುವ ತಾಯಿಯಲ್ಲಿ ಇದು ಬಹುಮಟ್ಟಿಗೆ ಬೇಗ ಗುಣವಾಗುವ ತೊಂದರೆ. ಹಾಲುಣಿಸದ ಮಹಿಳೆಯಲ್ಲಿ ಇವೇ ಚಿಹ್ನೆಗಳಿಗೆ ಕ್ಷಯವೋ, ಅಪರೂಪಕ್ಕೆ ಕ್ಯಾನ್ಸರೋ ಕಾರಣವಾಗಿರಬಹುದು. ಆದುದರಿಂದ ಈ ವ್ಯತ್ಯಾಸವನ್ನು ಅರಿತಿರುವುದು ಅವಶ್ಯ.

ರಚನೆ

ಸ್ತನವು ಎದೆಯ ಸ್ನಾಯುವಿನ ಮೇಲೆ, ಸಾಮಾನ್ಯವಾಗಿ ಎರಡನೆಯ ಪಕ್ಕೆಲುಬಿನಿಂದ ಆರನೆಯ ಪಕ್ಕೆಲುಬಿನವರೆಗೆ ಹರಡಿರುತ್ತದೆ. ಅದರ ಒಂದು ಭಾಗ ಕಂಕುಳಿನತ್ತ ಚಾಚಿಕೊಂಡಿರುತ್ತದೆ. ಒಳಗೆ 15ರಿಂದ 20 ಹಾಲೆಗಳಿವೆ. ಪ್ರೊಲ್ಯಾಕ್ಟಿನ್ ಹಾರ್ಮೋನಿನ ಪ್ರಭಾವದಿಂದ ಇವುಗಳ ಸಣ್ಣ ಚೀಲಗಳಲ್ಲಿ ಹಾಲು ಉತ್ಪತ್ತಿಯಾಗುತ್ತದೆ. ಮಗು ಚೀಪಿದಾಗ ಸ್ರವಿಸುವ ಆಕ್ಸಿಟೋಸಿನ್ ಆ ಹಾಲನ್ನು ನಾಳಗಳ ಮೂಲಕ ತೊಟ್ಟಿಗೆ ತರುತ್ತದೆ. ಹಾಲೆಗಳ ಸುತ್ತ ಕೊಬ್ಬು ಹಾಗೂ ನಾರಿನ ಕಟ್ಟುಗಳಿವೆ. ದುಗ್ಧರಸ, ಎಂದರೆ ಲಿಂಫ್ ದ್ರವದ ಸುಮಾರು ಮುಕ್ಕಾಲು ಪಾಲು ಕಂಕುಳಿನ ಗ್ರಂಥಿಗಳಿಗೆ ಹರಿಯುತ್ತದೆ. ಸ್ತನದ ಕಾಯಿಲೆಯಲ್ಲಿ ಕಂಕುಳಲ್ಲಿ ಗಂಟು ಕಾಣಿಸಿಕೊಳ್ಳಲು ಇದೇ ಕಾರಣ.

ಬಾಣಂತಿಯರಲ್ಲಿ ಉರಿಯೂತ

ಹೆರಿಗೆಯ ನಂತರದ ಮೊದಲ ವಾರಗಳಲ್ಲಿ ಇದು ಹೆಚ್ಚು. ನಾಳಗಳ ಸುತ್ತ ಬಾವು ಬಂದು ಹಾಲಿನ ಹರಿವಿಗೆ ಅಡ್ಡಿಯಾಗುತ್ತದೆ. ಸ್ತನದ ಒಂದು ಭಾಗ ಕೆಂಪಾಗಿ ಗಟ್ಟಿಯಾಗುತ್ತದೆ; ಜ್ವರ, ಚಳಿ ಬರಬಹುದು. ಸೋಂಕು ತಗಲಿದರೆ ಅದಕ್ಕೆ ಹೆಚ್ಚಾಗಿ ಸ್ಟಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಕಾರಣ.

ಹಾಲು ಕೆಟ್ಟಿತೆಂದು ಭಾವಿಸಿ ಮಗುವನ್ನು ದೂರವಿಡುವುದು ಸರಿಯಲ್ಲ. ಈ ಹಾಲಿನಿಂದ ಆರೋಗ್ಯವಂತ ಮಗುವಿಗೆ ಹಾನಿಯಿಲ್ಲ, ಎಂದಿನಂತೆ ಹಾಲುಣಿಸಬೇಕು. ಹಿಂದೆ ಬಲವಾಗಿ ನೀವಿ ಹಾಲನ್ನು ಪೂರ್ತಿ ಹಿಂಡಿ ತೆಗೆಯಲು ಹೇಳುತ್ತಿದ್ದರು. 2022ರಲ್ಲಿ ಪರಿಷ್ಕೃತವಾದ ಅಂತಾರಾಷ್ಟ್ರೀಯ ವೈದ್ಯಕೀಯ ಮಾರ್ಗಸೂಚಿಯು ಇದರಿಂದ ಬಾವು ಹೆಚ್ಚುವುದೆಂದು ಹೇಳಿ, ತಣ್ಣನೆಯ ಪಟ್ಟಿ ಹಾಗೂ ವೈದ್ಯರು ಸೂಚಿಸುವ ನೋವುನಿವಾರಕವನ್ನು ಸಲಹೆ ಮಾಡಿದೆ. 24 ಗಂಟೆಗಳಲ್ಲಿ ಕಡಿಮೆಯಾಗದಿದ್ದರೆ ವೈದ್ಯರನ್ನು ಕಾಣಬೇಕು. ಕೀವು ತುಂಬಿದ್ದರೆ ಅದನ್ನು ಈಗ ಹೆಚ್ಚಾಗಿ ಸೂಜಿಯಿಂದಲೇ ಹೊರತೆಗೆಯುತ್ತಾರೆ.

ಇತರ ಕಾರಣಗಳು

ಸ್ತನದ ಕ್ಷಯವನ್ನು ಬ್ರಿಟಿಷ್ ಶಸ್ತ್ರವೈದ್ಯ ಆಸ್ಟ್ಲೀ ಕೂಪರ್ 1829ರಲ್ಲೇ ವಿವರಿಸಿದ್ದರು. ಕ್ಷಯರೋಗಿಗಳು ಅತ್ಯಧಿಕವಾಗಿರುವ ನಮ್ಮ ದೇಶದಲ್ಲಿ ಇದನ್ನು ಮರೆಯುವಂತಿಲ್ಲ. ಗಂಟು, ಮತ್ತೆ ಮತ್ತೆ ಕೀವು ಸೋರುವ ಹುಣ್ಣು ಇದರ ಲಕ್ಷಣಗಳು. ಗ್ರಾನ್ಯುಲೊಮ್ಯಾಟಸ್ ಮ್ಯಾಸ್ಟೈಟಿಸ್ ಎಂಬ ಇನ್ನೊಂದು ಉರಿಯೂತವೂ ಹೀಗೆಯೇ ತೋರುತ್ತದೆ. ಅದಕ್ಕೆ ಕೆಲವೊಮ್ಮೆ ಸ್ಟೀರಾಯ್ಡ್ ಕೊಡುತ್ತಾರೆ. ಕ್ಷಯವಿದ್ದಾಗ ಕ್ಷಯದ ಔಷಧಿಯಿಲ್ಲದೆ ಸ್ಟೀರಾಯ್ಡ್ ಮಾತ್ರ ಕೊಟ್ಟರೆ ರೋಗ ಉಲ್ಬಣಿಸಬಹುದು. ಆದುದರಿಂದ ಅಂಗಾಂಶದ ಪರೀಕ್ಷೆ, ಎಂದರೆ ಬಯಾಪ್ಸಿ ಅನಿವಾರ್ಯ. ಕ್ಷಯಕ್ಕೆ ಸರಕಾರಿ ಚಿಕಿತ್ಸೆ ಉಚಿತ.

ಉರಿಯೂತದ ರೂಪದ ಕ್ಯಾನ್ಸರ್ ಅಪರೂಪವಾದರೂ ತೀವ್ರವಾದುದು. ಕ್ಯಾನ್ಸರ್ ಕೋಶಗಳು ಚರ್ಮದ ದುಗ್ಧನಾಳಗಳನ್ನು ಮುಚ್ಚುವುದರಿಂದ ಕೆಲವೇ ವಾರಗಳಲ್ಲಿ ಸ್ತನ ಕೆಂಪಾಗಿ ಊದಿಕೊಳ್ಳುತ್ತದೆ. ಚರ್ಮ ಕಿತ್ತಳೆಯ ಸಿಪ್ಪೆಯಂತಾಗುತ್ತದೆ. ಅನೇಕರಲ್ಲಿ ಗಂಟು ಕೈಗೆ ಸಿಗುವುದಿಲ್ಲ. ಜ್ವರವೂ ಸಾಮಾನ್ಯವಾಗಿ ಇರುವುದಿಲ್ಲ. ಆ್ಯಂಟಿಬಯಾಟಿಕ್ ತೆಗೆದುಕೊಂಡ ಮೇಲೂ ಕೆಂಪು ಉಳಿದರೆ, ಬಾಣಂತಿಯಾಗಿದ್ದರೂ ಕೂಡಲೇ ತಜ್ಞರಿಗೆ ತೋರಿಸಬೇಕು.

ಮುಂಬಯಿಯ ಅನುಭವ

ಪರೇಲ್‌ನಲ್ಲಿ 1941ರಿಂದ ಕಾರ್ಯನಿರತವಾಗಿರುವ ಟಾಟಾ ಮೆಮೋರಿಯಲ್ ಆಸ್ಪತ್ರೆಯು 1998ರಲ್ಲಿ ನಗರದ 35ರಿಂದ 64 ವರ್ಷದ 1,51,538 ಮಹಿಳೆಯರನ್ನು ಒಳಗೊಂಡ ಅಧ್ಯಯನವನ್ನು ಆರಂಭಿಸಿತು. ಅವರಲ್ಲಿ ಒಂದು ಗುಂಪಿನ ಸ್ತನಪರೀಕ್ಷೆಯನ್ನು ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಕೈಯಿಂದಲೇ ಮಾಡಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಈ ಗುಂಪಿನ 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಶೇಕಡಾ 30ರಷ್ಟು ಕಡಿಮೆಯಿತ್ತು. ಅದಕ್ಕಿಂತ ಕಿರಿಯರಲ್ಲಿ ಅಂತಹ ಇಳಿಕೆ ಕಂಡುಬರಲಿಲ್ಲ. ಯಂತ್ರವಿಲ್ಲದ ಸರಳ ಪರೀಕ್ಷೆಗೂ ಜೀವ ಉಳಿಸುವ ಶಕ್ತಿಯುಂಟೆಂಬುದನ್ನು ನಮ್ಮ ನಗರದ ಮಹಿಳೆಯರೇ ತೋರಿಸಿಕೊಟ್ಟಿದ್ದಾರೆ. ಮನೆಯ ತಾಯಿ, ಅತ್ತೆ, ಸೊಸೆ, ಮಗಳು ಈ ವಿಷಯವನ್ನು ಪರಸ್ಪರ ಮುಚ್ಚುಮರೆಯಿಲ್ಲದೆ ಮಾತನಾಡಿಕೊಂಡರೆ ವೈದ್ಯರ ಬಳಿಗೆ ಹೋಗುವುದು ತಡವಾಗದು.