ವಾಸನೆಯಿಲ್ಲದ ನೀರು: ಕೈಗಾದಲ್ಲಿ ನಡೆದದ್ದು

ನಮ್ಮೂರು ಹಿಪ್ಪರಗಿ. ಕೃಷ್ಣಾ ನದಿಯ ಬ್ಯಾರೇಜಿನಿಂದಾಗಿ ನಾಲ್ಕು ಜನಕ್ಕೆ ಗೊತ್ತಿರುವ ಊರು. ಮಳೆಗಾಲದಲ್ಲಿ ಹೊಳೆಗೆ ಹೊಸ ನೀರು ಬಂದಾಗ ನಮ್ಮ ಆಯಿ ಕೊಡಕ್ಕೆ ಮೂಗು ಹಚ್ಚಿ ನೋಡುತ್ತಿದ್ದಳು. "ನೀರಿಗಿ ಮಣ್ಣಿನ ವಾಸನಿ ಐತಿ, ಇವತ್ತ ಕುಡಿಬ್ಯಾಡ್ರಿ" ಅಂದಳೆಂದರೆ ಮುಗಿಯಿತು. ಕಣ್ಣು, ಮೂಗು, ನಾಲಿಗೆ... ಅವಳ ಪ್ರಯೋಗಶಾಲೆ ಇಷ್ಟೇ.

ಈ ಮೂರೂ ಕೈಕೊಡುವ ನೀರೂ ಇರುತ್ತದೆ ಅಂತ ನನಗೆ ಗೊತ್ತಾಗಿದ್ದು 2009ರ ನವೆಂಬರಿನಲ್ಲಿ. ನಮ್ಮದೇ ರಾಜ್ಯದ ಕೈಗಾದಲ್ಲಿ.

ಉತ್ತರ ಕನ್ನಡದ ಕಾಳಿ ನದಿಯ ದಂಡೆಯ ಈ ಅಣುವಿದ್ಯುತ್ ಸ್ಥಾವರದ ಕಥೆ ಶುರುವಿನಿಂದಲೂ ಜಗಳದ್ದೇ. ಶಿವರಾಮ ಕಾರಂತರು ಇದನ್ನು ವಿರೋಧಿಸಿ 1989ರ ಲೋಕಸಭಾ ಚುನಾವಣೆಗೇ ನಿಂತರು, ಸೋತರು. 1994ರ ಮೇ 13ರಂದು, ಕಟ್ಟುತ್ತಿರುವಾಗಲೇ ಮೊದಲನೇ ಘಟಕದ ಒಳಗುಮ್ಮಟ ಕುಸಿಯಿತು. ಒಳಗೆ ಇನ್ನೂ ಇಂಧನ ತುಂಬಿರಲಿಲ್ಲ, ಹಾಗಾಗಿ ವಿಕಿರಣದ ಮಾತೇ ಬರಲಿಲ್ಲ. 2000ದಲ್ಲಿ ಮೊದಲೆರಡು ಘಟಕಗಳು ವಿದ್ಯುತ್ ಕೊಡಲು ಶುರುಮಾಡಿದವು.

ಈಗ ನವೆಂಬರ್ 2009ಕ್ಕೆ ಬರೋಣ. ಕೈಗಾದ ಸಿಬ್ಬಂದಿಯ ಮೂತ್ರವನ್ನು ಆಗಾಗ ಪರೀಕ್ಷೆ ಮಾಡುವ ಪದ್ಧತಿ ಇದೆ. 24ರಂದು ಕೆಲವರ ಮಾದರಿಯಲ್ಲಿ ಟ್ರಿಟಿಯಂ ಜಾಸ್ತಿ ಕಂಡಿತು. ಹುಡುಕುತ್ತಾ ಹೋದರೆ ಸ್ಥಾವರದಲ್ಲಿ ಎಲ್ಲೂ ಸೋರಿಕೆಯಿಲ್ಲ. ಕೊನೆಗೆ ಸಿಕ್ಕಿದ್ದು ಎಲ್ಲಿ ಗೊತ್ತೇ? ಕೆಲಸಗಾರರು ನೀರು ಕುಡಿಯುವ ವಾಟರ್ ಕೂಲರಿನಲ್ಲಿ! ಯಾರೋ ಅದಕ್ಕೆ ಟ್ರಿಟಿಯಂ ಇದ್ದ ಭಾರಜಲ ಬೆರೆಸಿದ್ದರು. ಕುಡಿದವರು ಐವತ್ತಕ್ಕೂ ಹೆಚ್ಚು ಜನ. ಆಗ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ಅನಿಲ್ ಕಾಕೋಡ್ಕರ್ ಇದು ಒಳಗಿನವರದೇ ದುಷ್ಕೃತ್ಯ ಅಂದರು. ಪೊಲೀಸ್ ದೂರೂ ದಾಖಲಾಯಿತು.

ಟ್ರಿಟಿಯಂ ಅಂದರೆ ವಿಕಿರಣ ಸೂಸುವ ಜಲಜನಕ. ರಿಯಾಕ್ಟರಿನ ಭಾರಜಲದಲ್ಲಿ ತಾನಾಗಿ ಹುಟ್ಟುತ್ತದೆ. ಅದರ ಕಿರಣ ಎಷ್ಟು ದುರ್ಬಲವೆಂದರೆ ಚರ್ಮವನ್ನೂ ದಾಟಲಾರದು. ಆದರೆ ಕುಡಿದರೆ? ನೀರಿನ ವೇಷದಲ್ಲಿ ಇಡೀ ಮೈಗೆ ಹರಡುತ್ತದೆ. ಸಮಾಧಾನದ ಸಂಗತಿಯೆಂದರೆ, ನೀರಾಗಿ ಬಂದದ್ದು ನೀರಾಗಿಯೇ ಹೋಗುತ್ತದೆ. ಸುಮಾರು ಹತ್ತು ದಿನಕ್ಕೆ ಅರ್ಧ ಖಾಲಿ. ಅದಕ್ಕೇ ಅವರಿಗೆ ಕೊಟ್ಟ ಚಿಕಿತ್ಸೆ ಇಷ್ಟೇ: ಹೆಚ್ಚು ನೀರು ಕುಡಿಸುವುದು, ಮೂತ್ರ ಹೆಚ್ಚಿಸುವ ಔಷಧಿ ಕೊಡುವುದು. ನಮ್ಮಲ್ಲಿ ಇಂಥ ಕೆಲಸಗಾರರಿಗೆ ವರ್ಷಕ್ಕೆ 30 ಮಿಲಿಸೀವರ್ಟ್ ಮಿತಿ. (ಪ್ರಕೃತಿಯಿಂದಲೇ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಬರುತ್ತದೆ.) ಬಹುತೇಕರ ಪ್ರಮಾಣ ಆ ಮಿತಿಯೊಳಗೇ ಇತ್ತು.

ಎಲ್ಲ ವಿಕಿರಣ ವಸ್ತುಗಳೂ ಇಷ್ಟು ಸಲೀಸಾಗಿ ಮೈ ಬಿಟ್ಟು ಹೋಗುವುದಿಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ 1917ರ ನಂತರ ಹುಡುಗಿಯರು ಕತ್ತಲಲ್ಲಿ ಹೊಳೆಯುವ ಗಡಿಯಾರಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಕುಂಚದ ತುದಿ ಚೂಪಾಗಲೆಂದು ತುಟಿಗೆ ಹಚ್ಚಿಕೊಳ್ಳುತ್ತಿದ್ದರು. ರೇಡಿಯಂ ಗುಣದಲ್ಲಿ ಸುಣ್ಣದಂಶದ ತಮ್ಮ ಇದ್ದ ಹಾಗೆ, ಹೋಗಿ ಎಲುಬಿನಲ್ಲಿ ಕೂತುಬಿಡುತ್ತದೆ. ದವಡೆ ಕೊಳೆಯಿತು, ರಕ್ತ ಕೆಟ್ಟಿತು, ಎಲುಬಿಗೆ ಕ್ಯಾನ್ಸರ್ ಬಂತು. ಅಪಾಯವಿಲ್ಲ ಅಂತಲೇ ಅವರಿಗೆ ಹೇಳಲಾಗಿತ್ತು. ಐವರು ಹೆಣ್ಣುಮಕ್ಕಳು ಕೋರ್ಟಿಗೆ ಹೋಗಿ 1928ರಲ್ಲಿ ಪರಿಹಾರ ಪಡೆದರು, ಮೈ ಸರಿಹೋಗುವ ಕಾಲ ಮುಗಿದಿತ್ತು.

ಅಷ್ಟು ದೂರ ಯಾಕೆ, ಕೈಗಾದ ಮರುವರ್ಷವೇ, 2010ರ ಏಪ್ರಿಲಿನಲ್ಲಿ, ದೆಹಲಿಯ ಮಾಯಾಪುರಿ ಗುಜರಿ ಪೇಟೆಯ ಸುದ್ದಿ ಬಂತು. ದೆಹಲಿ ವಿಶ್ವವಿದ್ಯಾಲಯ ಹರಾಜು ಹಾಕಿದ್ದ ಹಳೆಯ ಯಂತ್ರವನ್ನು ಗುಜರಿಯವರು ಒಡೆದರು. ಒಳಗೆ ಕೋಬಾಲ್ಟ್-60. ಇದರ ಗಾಮಾ ಕಿರಣಕ್ಕೆ ಕುಡಿಯುವುದೂ ಬೇಡ, ಮುಟ್ಟುವುದೂ ಬೇಡ, ಹತ್ತಿರವಿದ್ದರೆ ಸಾಕು. ಹಲವರು ಆಸ್ಪತ್ರೆ ಸೇರಿದರು, ಒಬ್ಬರು ಸತ್ತೇಹೋದರು. ಮೈ ಸುಟ್ಟು ಕಾಯಿಲೆ ಬಿದ್ದಮೇಲೆಯೇ ವಿಷಯ ಗೊತ್ತಾಗಿದ್ದು.

ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೈಗಾದವರು ಬಚಾವಾದದ್ದು ಟ್ರಿಟಿಯಂ ದುರ್ಬಲ ಅನ್ನೋ ಕಾರಣಕ್ಕಷ್ಟೇ ಅಲ್ಲ, ಅಲ್ಲಿ ಅಳೆಯುವವರಿದ್ದರು ಅನ್ನೋ ಕಾರಣಕ್ಕೂ ಹೌದು. ಮಾಯಾಪುರಿಯಲ್ಲಿ ಅಳೆಯುವವರೇ ಇರಲಿಲ್ಲ. ನ್ಯೂಜೆರ್ಸಿಯಲ್ಲಿ ನಿಜ ಹೇಳುವವರಿರಲಿಲ್ಲ. ಕೂಲರಿಗೆ ಬೀಗ ಹಾಕಬಹುದು, ಸ್ಥಾವರಕ್ಕೆ ಕಾವಲು ಇಡಬಹುದು. ಆದರೆ ಕೈಗಾದಲ್ಲಿ ವಿಷ ಬೆರೆಸಿದ ಕೈ ಕಾವಲಿನ ಒಳಗಡೆಯದೇ ಆಗಿತ್ತಲ್ಲ!

ಅಣುವಿದ್ಯುತ್ ಬೇಕೋ ಬೇಡವೋ ಅಂತ ವಾದ ಮಾಡುವವರು ಮಾಡಲಿ. ನನಗಂತೂ ಕಾಡುವುದು ಆಯಿಯ ಮೂಗು. ಅದಕ್ಕೆ ತಿಳಿಯದ್ದನ್ನು ಯಾರೋ ನಮ್ಮ ಪರವಾಗಿ ಅಳೆಯಬೇಕು, ಅಳೆದದ್ದನ್ನು ಮುಚ್ಚಿಡದೆ ಹೇಳಬೇಕು. ಇಷ್ಟು ಕೇಳುವುದು ಹೆಚ್ಚಾಯಿತೇ? ನೀವೇನಂತೀರಿ?