ಮಾಂಸ ಬೆಂದ ನೀರು

ಲಂಡನ್ನಿನಲ್ಲಿ ಶವಸಂಸ್ಕಾರದ ಏರ್ಪಾಡುಗಳನ್ನು ವಂಶಪಾರಂಪರ್ಯವಾಗಿ ನಡೆಸುತ್ತಿದ್ದ ಮನೆತನದಲ್ಲಿ ಹುಟ್ಟಿ, ಅದೇ ವೃತ್ತಿಯಲ್ಲಿ ಧನವನ್ನೂ ಗೌರವವನ್ನೂ ಸಂಪಾದಿಸಿದ್ದ ವಿಲಿಯಂ ಬ್ಯಾಂಟಿಂಗ್ ಎಂಬ ಗೃಹಸ್ಥನು, ಅರವತ್ತೈದು ದಾಟಿದ ವಯಸ್ಸಿನಲ್ಲಿ, ಬಗ್ಗಿ ತನ್ನ ಪಾದರಕ್ಷೆಯ ದಾರವನ್ನು ಕಟ್ಟಿಕೊಳ್ಳಲಾರದಷ್ಟು ಸ್ಥೂಲಕಾಯನಾಗಿ, ಮಹಡಿಯ ಮೆಟ್ಟಿಲುಗಳನ್ನು ಹಿಮ್ಮುಖನಾಗಿ ಒಂದೊಂದಾಗಿ ಇಳಿಯುತ್ತಿದ್ದನು. ವೈದ್ಯರು ಹೇಳಿದುದನ್ನೆಲ್ಲ ಅವನು ಮಾಡಿ ನೋಡಿದ್ದನು: ಸಮುದ್ರಸ್ನಾನ, ದೋಣಿಯ ಹುಟ್ಟು ಹಾಕುವ ವ್ಯಾಯಾಮ, ಕುದುರೆ ಸವಾರಿ, ಸಾಲದುದಕ್ಕೆ ಗ್ಯಾಲನ್ನುಗಟ್ಟಲೆ ಔಷಧ. ಆ ಔಷಧಗಳಲ್ಲೊಂದು ಪೊಟ್ಯಾಷ್ ಕ್ಷಾರದ ದ್ರಾವಣ. ಹಂಫ್ರಿ ಡೇವಿಯು 1807ರಲ್ಲಿ ವಿದ್ಯುತ್ಪ್ರವಾಹವನ್ನು ಹಾಯಿಸಿ ಪೊಟ್ಯಾಸಿಯಂ ಎಂಬ ಲೋಹವನ್ನು ಯಾವ ಕ್ಷಾರದಿಂದ ಬೇರ್ಪಡಿಸಿದ್ದನೋ ಅದೇ ಕ್ಷಾರ. ಅದರಿಂದ ಅವನ ಮೈ ಗುಲಗಂಜಿಯಷ್ಟೂ ಕರಗಲಿಲ್ಲ.

ಕಡೆಗೆ 1862ರಲ್ಲಿ ವಿಲಿಯಂ ಹಾರ್ವೆ ಎಂಬ ಕಿವಿಯ ವೈದ್ಯನು, ಪ್ಯಾರಿಸ್ಸಿನಲ್ಲಿ ಕ್ಲಾಡ್ ಬರ್ನಾರ್ಡನು ಯಕೃತ್ತಿನ ಕುರಿತು ಮಾಡಿದ ಉಪನ್ಯಾಸಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ರೊಟ್ಟಿ, ಬೆಣ್ಣೆ, ಹಾಲು, ಸಕ್ಕರೆ, ಬಿಯರ್, ಆಲೂಗಡ್ಡೆಗಳನ್ನು ಅವನ ಊಟದಿಂದ ಬಿಡಿಸಿದನು. 202 ಪೌಂಡು ತೂಗುತ್ತಿದ್ದ ಬ್ಯಾಂಟಿಂಗನು ವರ್ಷವೊಂದು ಕಳೆದು ಸ್ವಲ್ಪ ಕಾಲವಾಗುವಷ್ಟರಲ್ಲಿ 46 ಪೌಂಡು ಇಳಿದನು; ಅಷ್ಟರ ನಡುವೆಯೇ ತನ್ನ ಸಂತೋಷವನ್ನು ತಡೆದುಕೊಳ್ಳಲಾರದೆ, 1863ರಲ್ಲಿ ಸ್ವಂತ ಖರ್ಚಿನಿಂದ ಒಂದು ಕಿರುಹೊತ್ತಗೆಯನ್ನು ಅಚ್ಚುಹಾಕಿಸಿ ಹಂಚಿದನು. ಪಿಷ್ಟಶರ್ಕರಗಳನ್ನು ತ್ಯಜಿಸುವ ಆಹಾರಕ್ರಮಕ್ಕೆ ಜನಪ್ರಿಯತೆಯು ಬಂದುದು ಆ ಹೊತ್ತಗೆಯಿಂದ. ಅವನ ತಟ್ಟೆಯಲ್ಲಾದರೋ ಸೊಪ್ಪುತರಕಾರಿಗಳೂ ಹಣ್ಣೂ ಒಂದೆರಡು ತುಂಡು ಸುಟ್ಟ ರೊಟ್ಟಿಯೂ ಉಳಿದಿದ್ದುವು. ಆದುದರಿಂದ, ಮುಂದೆ ಅವನ ಅನುಯಾಯಿಗಳನ್ನು ಕಾಡಿದ ನಿಶ್ಶಕ್ತಿ, ತಲೆಸುತ್ತು, ಮೀನಖಂಡದ ಸೆಳೆತಗಳು ಅವನನ್ನು ಕಾಡಿದಂತೆ ತೋರುವುದಿಲ್ಲ.

ಆ ಉಪದ್ರವಗಳ ಮೂಲವಿರುವುದು ಮೂತ್ರಪಿಂಡದಲ್ಲಿ. ಅನ್ನವನ್ನೋ ರೊಟ್ಟಿಯನ್ನೋ ಉಂಡಾಗ ರಕ್ತದಲ್ಲಿ ಏರುವ ಇನ್ಸುಲಿನ್ ಸಕ್ಕರೆಯನ್ನು ಅಂಕೆಯಲ್ಲಿಡುವುದಷ್ಟೇ ಅಲ್ಲದೆ, ಸೋಡಿಯಮ್ಮನ್ನು ಹೊರಕ್ಕೆ ಬಿಡದೆ ಹಿಡಿದಿಟ್ಟುಕೊಳ್ಳುವಂತೆ ಮೂತ್ರಪಿಂಡಕ್ಕೆ ಆಜ್ಞಾಪಿಸುತ್ತದೆ. ಇದನ್ನು ಡಿಫ್ರಾಂಜೊ ಮತ್ತು ಅವನ ಸಹೋದ್ಯೋಗಿಗಳು 1975ರಲ್ಲಿ ಮನುಷ್ಯರಲ್ಲಿಯೇ ಪರೀಕ್ಷಿಸಿ ಸ್ಥಾಪಿಸಿದರು. ಪಿಷ್ಟವು ನಿಂತಿತೆಂದರೆ ಇನ್ಸುಲಿನ್ ಇಳಿಯುತ್ತದೆ, ಉಪ್ಪು ನೀರಿನೊಡನೆ ಹರಿದುಹೋಗುತ್ತದೆ, ಮೊದಲ ವಾರದಲ್ಲಿ ತಕ್ಕಡಿಯ ಮುಳ್ಳು ಇಳಿದುದನ್ನು ಕಂಡು ಹಿಗ್ಗುವವನು ಬಹುಪಾಲು ಈ ನೀರಿನ ನಷ್ಟಕ್ಕೇ ಹಿಗ್ಗುತ್ತಿರುತ್ತಾನೆ. ಹೋದ ಉಪ್ಪನ್ನು ತುಂಬಿಕೊಡದಿದ್ದರೆ, ಉಳಿದ ಸೋಡಿಯಮ್ಮನ್ನು ಕಾಪಾಡಿಕೊಳ್ಳುವ ಸಲುವಾಗಿ ಶರೀರವು ಪೊಟ್ಯಾಸಿಯಮ್ಮನ್ನು ಬಿಟ್ಟುಕೊಡಲು ಆರಂಭಿಸುತ್ತದೆ. ಸ್ನಾಯುಗಳು ಬಿಗಿದು ಸಡಿಲುವುದಕ್ಕೂ ಹೃದಯವು ಲಯ ತಪ್ಪದಿರುವುದಕ್ಕೂ ಪೊಟ್ಯಾಸಿಯಂ ಅವಶ್ಯಕವಾದುದರಿಂದ ಇದು ಅಲ್ಪ ನಷ್ಟವಲ್ಲ.

ಹಾಗಾದರೆ ಧಾನ್ಯವನ್ನೇ ಕಾಣದ ಉತ್ತರಮೇರುವಿನ ಜನ ತಲೆಮಾರುಗಳ ಕಾಲ ಬಾಳಿದುದು ಹೇಗೆ? ಅಮೆರಿಕದ ಸೇನೆಯ ಲೆಫ್ಟಿನೆಂಟ್ ಫ್ರೆಡ್ರಿಕ್ ಶ್ವಾಟ್ಕ ಎಂಬವನು, ನ್ಯೂಯಾರ್ಕಿನ ಬೆಲ್‌ವ್ಯೂ ವೈದ್ಯಕೀಯ ಕಾಲೇಜಿನಲ್ಲಿ ಪದವಿಯನ್ನೂ ಪಡೆದಿದ್ದವನು, ಕಾಣೆಯಾದ ಫ್ರ್ಯಾಂಕ್ಲಿನ್ನನ ನೌಕಾತಂಡದ ಅವಶೇಷಗಳನ್ನು ಹುಡುಕುತ್ತ, 1879ರ ಏಪ್ರಿಲಿನಲ್ಲಿ ಹಡ್ಸನ್ ಕೊಲ್ಲಿಯ ತೀರದಿಂದ ಇನ್ಯೂಟ್ ಕುಟುಂಬಗಳೊಡನೆ ನಾಯಿಗಳ ಜಾರುಬಂಡಿಯಲ್ಲಿ ಹೊರಟು, 3,000 ಮೈಲಿಗಳಿಗೂ ಮಿಕ್ಕಿದ ಪ್ರಯಾಣವನ್ನು ಮುಗಿಸಿ ಮರುವರ್ಷ ಹಿಂದಿರುಗಿದನು. ತಂದಿದ್ದ ದಿನಸಿ ಬೇಗನೆ ತೀರಿಹೋಗಿ, ಆಮೇಲೆ ಬೇಟೆಯೇ ಗತಿಯಾಯಿತು. ಕೇವಲ ಮಾಂಸಕ್ಕೆ ಬಿದ್ದ ಮೊದಲ ಎರಡು ಮೂರು ವಾರಗಳಲ್ಲಿ ದೂರ ನಡೆಯಲಾರದಂತಹ ಬಳಲಿಕೆ ಬರುವುದೆಂದೂ, ಅನಂತರ ಅದು ತಾನಾಗಿ ತೊಲಗುವುದೆಂದೂ ಅವನು ದಿನಚರಿಯಲ್ಲಿ ಬರೆದಿಟ್ಟನು.

ಅವನ ಜೊತೆಗಾರರಾದ ಇನ್ಯೂಟರ ಅಡುಗೆಯನ್ನು ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡಬೇಕು. ಸೀಲ್ ಪ್ರಾಣಿಯ ಕೊಬ್ಬನ್ನೇ ಎಣ್ಣೆಯಾಗಿ ಉರಿಸುವ, ಪಾಚಿಯ ಬತ್ತಿಯುಳ್ಳ, ಅರ್ಧಚಂದ್ರಾಕಾರದ ಕಲ್ಲಿನ ದೀಪ. ಅದರ ಜ್ವಾಲೆಯ ಮೇಲೆ ತೂಗುಹಾಕಿದ ಬಳಪದ ಕಲ್ಲಿನ ಪಾತ್ರೆ. ಪಾತ್ರೆಯಲ್ಲಿ ಮಾಂಸದ ತುಂಡುಗಳು. ದೀಪದ ಶಾಖವು ಮಂದವಾದುದರಿಂದ ಮಾಂಸವು ನಿಧಾನವಾಗಿ ಬೇಯುತ್ತಿತ್ತು. ಬೆಂದ ಬಳಿಕ ಆ ನೀರಿಗೆ ಪ್ರಾಣಿಯ ರಕ್ತವನ್ನು ಬೆರೆಸಿ ಗಟ್ಟಿ ಸಾರಾಗಿ ಕುಡಿಯುತ್ತಿದ್ದರು. ಮಾಂಸದಲ್ಲಿ ಪೊಟ್ಯಾಸಿಯಂ ಧಾರಾಳವಾಗಿದ್ದು, ನೂರು ಗ್ರಾಂ ಹಸಿ ದನದ ಮಾಂಸದಲ್ಲಿ ಸುಮಾರು 300 ಮಿಲಿಗ್ರಾಂ ಇರುವುದಾದರೂ, ಬೇಯಿಸಿದಾಗ ಅದರಲ್ಲಿ ಗಣನೀಯ ಭಾಗವು ನೀರಿಗೆ ಇಳಿಯುತ್ತದೆ. ಸೋಡಿಯಮ್ಮಾದರೋ ಮಾಂಸದಲ್ಲಿ ಕಡಿಮೆ, ರಕ್ತದಲ್ಲಿ ಹೆಚ್ಚು. ಹೀಗೆ ಸಾರನ್ನು ಕುಡಿದವನಿಗೆ ಎರಡೂ ದೊರೆಯುತ್ತಿದ್ದುವು. ಸೊಪ್ಪುಕಾಳುಗಳನ್ನು ಬೇಯಿಸಿ, ಬಸಿದ ನೀರನ್ನು ಚೆಲ್ಲದೆ, ಅದಕ್ಕೇ ಖಾರವನ್ನು ಅರೆದು ಹಾಕಿ ಬಸ್ಸಾರು ಮಾಡುವ ನಮ್ಮ ಹಳೆಯ ಮೈಸೂರು ಸೀಮೆಯ ಗೃಹಿಣಿಯು ಈ ವ್ಯವಹಾರವನ್ನು ಯಾರೂ ವಿವರಿಸದೆಯೇ ಅರ್ಥಮಾಡಿಕೊಂಡಾಳು.

ಇನ್ಯೂಟರ ಆಹಾರವನ್ನು ಲೋಕಕ್ಕೆ ಪರಿಚಯಿಸಿದವನು, ಕೆನಡಾದ ಮ್ಯಾನಿಟೋಬದಲ್ಲಿ 1879ರಲ್ಲಿ ಹುಟ್ಟಿದ ಐಸ್‌ಲ್ಯಾಂಡ್ ಮೂಲದ ವಿಲ್ಹಾಲ್ಮುರ್ ಸ್ಟೆಫಾನ್ಸನ್. ವರ್ಷಗಟ್ಟಲೆ ಅವರೊಡನೆ ಇದ್ದು, ಮೀನು ಮಾಂಸಗಳಿಂದಲೇ ಜೀವಿಸಿ ಬಂದ ತನ್ನ ಮಾತನ್ನು ವೈದ್ಯರು ನಂಬದಿರಲು, ಅವನು 1928ರಲ್ಲಿ ಕಾರ್ಸ್ಟನ್ ಆಂಡರ್ಸನ್ ಎಂಬ ಜೊತೆಗಾರನೊಡನೆ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯನ್ನು ಸೇರಿ, ಯೂಜೀನ್ ಡುಬಾಯ್ಸ್ ಮೊದಲಾದವರ ಮೇಲ್ವಿಚಾರಣೆಯಲ್ಲಿ ಮಾಂಸಾಹಾರದ ವರ್ಷವ್ರತವನ್ನು ಕೈಕೊಂಡನು. ಆರಂಭದಲ್ಲಿ ಕೊಬ್ಬಿಲ್ಲದ ಮಾಂಸವನ್ನಷ್ಟೇ ಕೊಡಲು, ಕೆಲವೇ ದಿನಗಳಲ್ಲಿ ಹೊಟ್ಟೆ ಕೆಟ್ಟು ಅತಿಸಾರವಾಯಿತು. ಕೊಬ್ಬನ್ನು ಸೇರಿಸಿದೊಡನೆ ಚೇತರಿಸಿಕೊಂಡನು. ವರ್ಷದ ಕೊನೆಗೆ ಇಬ್ಬರೂ ಸ್ವಸ್ಥರಾಗಿದ್ದರು. ಕೊಬ್ಬಿನ ವಿಷಯವನ್ನು ಸ್ಟೆಫಾನ್ಸನ್ ಚೆನ್ನಾಗಿ ಬಲ್ಲವನು. ಉಪ್ಪಿನ ವಿಷಯದಲ್ಲಿ ಮಾತ್ರ, ಇನ್ಯೂಟರು ಉಪ್ಪು ಹಾಕಿದ ಆಹಾರವನ್ನು ಮುಟ್ಟಲೊಲ್ಲರೆಂದು ಅವನು ಸಾರಿದುದು, ನನ್ನ ಅಭಿಪ್ರಾಯದಲ್ಲಿ, ಉಪ್ಪಿನ ಮರಿಗೆಯನ್ನು ಹುಡುಕಿ ಕಾಣದೆ ಸಾರಿನ ಪಾತ್ರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದುದರ ಫಲ. ಅವನನ್ನು ಓದಿದವರು ಮಾಂಸವನ್ನು ಹಿಡಿದುಕೊಂಡರು, ಸಾರನ್ನು ಬಿಟ್ಟರು.

ಬಿಟ್ಟುದರ ಪರಮಾವಧಿಯು 1970ರ ದಶಕದ ಅಮೆರಿಕದಲ್ಲಿ ಕಾಣಿಸಿಕೊಂಡಿತು. ರಾಬರ್ಟ್ ಲಿನ್ ಎಂಬ ವೈದ್ಯನು 1976ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಪ್ರಚೋದಿತರಾಗಿ, ಸಾವಿರಾರು ಜನ ಊಟವನ್ನೇ ಬಿಟ್ಟು, ಕಸಾಯಿಖಾನೆಯಲ್ಲಿ ಉಳಿದ ಚರ್ಮ ಸ್ನಾಯುಬಂಧಗಳಿಂದ ತೆಗೆದ ‘ದ್ರವ ಪ್ರೋಟೀನ’ನ್ನು ಕುಡಿದು ಸಣ್ಣಗಾಗಲು ಹೊರಟರು. ಮಾರನೆಯ ವರ್ಷದಿಂದ, ಅದಕ್ಕೆ ಮುಂಚೆ ಹೃದ್ರೋಗದ ಸುಳಿವಿಲ್ಲದಿದ್ದ ಸ್ತ್ರೀಯರೂ ಅಕಸ್ಮಾತ್ತಾಗಿ ಕುಸಿದು ಸತ್ತ ವರದಿಗಳು ಒಂದರ ಮೇಲೊಂದು ಬರತೊಡಗಿದುವು. ಒಟ್ಟು 50ಕ್ಕೂ ಹೆಚ್ಚು ಸಾವುಗಳು ಸರ್ಕಾರದ ಗಮನಕ್ಕೆ ಬಂದುವು. ವಿದ್ಯುತ್ ಹೃದ್‌ಲೇಖದಲ್ಲಿ ಲಯವು ಕೆಟ್ಟುದು ಸ್ಪಷ್ಟವಾಗಿತ್ತು. ದೋಷವೆಲ್ಲ ಪೊಟ್ಯಾಸಿಯಮ್ಮಿನ ಕೊರತೆಯದೆಂದು ಹೇಳಿಬಿಡುವುದು ನ್ಯಾಯವಲ್ಲ. ಆ ಪ್ರೋಟೀನೇ ಕಳಪೆ, ಸತ್ತವರಲ್ಲಿ ಕೆಲವರು ಪೊಟ್ಯಾಸಿಯಮ್ಮನ್ನು ಬೇರೆಯಾಗಿ ಸೇವಿಸುತ್ತಲೂ ಇದ್ದರು. ಆದರೂ ಲವಣಗಳನ್ನು ಯಾರೂ ನೆಟ್ಟಗೆ ಲೆಕ್ಕವಿಟ್ಟಿರಲಿಲ್ಲವೆಂಬುದು ಬಹಿರಂಗವಾಯಿತು.

ಲೆಕ್ಕವಿಟ್ಟು ನೋಡಿದವನು ಸ್ಟೀಫನ್ ಫಿನ್ನಿ. 1983ರಲ್ಲಿ ಪ್ರಕಟವಾದ ಅವನ ಪ್ರಯೋಗದಲ್ಲಿ ಐವರು ನುರಿತ ಸೈಕಲ್ ಪಟುಗಳು ನಾಲ್ಕು ವಾರಗಳ ಕಾಲ ದಿನಕ್ಕೆ 20 ಗ್ರಾಮಿಗೂ ಕಡಿಮೆ ಕಾರ್ಬೋಹೈಡ್ರೇಟನ್ನು ಸೇವಿಸಿದರು; ಆದರೆ ಸೋಡಿಯಂ, ಪೊಟ್ಯಾಸಿಯಂ ಮೊದಲಾದ ಖನಿಜಗಳನ್ನು ಅಳೆದು ಕೊಡಲಾಯಿತು. ಮೊದಲು ಸರಾಸರಿ 147 ನಿಮಿಷ ತುಳಿದು ಬಳಲುತ್ತಿದ್ದವರು ಕೊನೆಗೆ 151 ನಿಮಿಷ ತುಳಿದರು. ಕೋಪನ್‌ಹೇಗನ್ನಿನಲ್ಲಿ ಕ್ರಿಸ್ಟೆನ್ಸನ್ ಮತ್ತು ಹ್ಯಾನ್ಸನ್ 1939ರಲ್ಲಿ, ಕೆಲವೇ ದಿನಗಳ ಪಥ್ಯದ ಮೇಲೆ, ಇಂತಹ ಆಹಾರದಿಂದ ತ್ರಾಣವು ಉಡುಗುವುದೆಂದು ತೋರಿಸಿದ್ದರು. ಈ ಎರಡು ಪ್ರಯೋಗಗಳ ಫಲಿತಾಂಶಗಳ ನಡುವಿನ ಅಂತರವನ್ನು ಫಿನ್ನಿಯು ಮೈ ಒಗ್ಗಲು ಹಿಡಿಯುವ ವಾರಗಳಿಂದಲೂ ಲವಣಗಳಿಂದಲೂ ವಿವರಿಸಿದನು. 2004ರಲ್ಲಿ ಬರೆದ ವಿಮರ್ಶಾಲೇಖನದಲ್ಲಿ ಶ್ವಾಟ್ಕನ ದಿನಚರಿಯನ್ನೂ ಇನ್ಯೂಟರ ಸಾರನ್ನೂ ಸಾಕ್ಷಿಗೆ ಕರೆದನು.

ಪಿಷ್ಟವನ್ನು ತ್ಯಜಿಸಲೆಂದು ಅನ್ನದ ಜೊತೆಗೆ ರಾಗಿ, ಬೇಳೆ, ಬಾಳೆಹಣ್ಣು, ಆಲೂಗಡ್ಡೆಗಳನ್ನೂ ಬಿಡುವ ನಮ್ಮವರು ಪೊಟ್ಯಾಸಿಯಮ್ಮಿನ ಮುಖ್ಯ ಮೂಲಗಳನ್ನೇ ಒಟ್ಟಿಗೆ ಬಿಡುತ್ತಾರೆ. ವಯಸ್ಕರಿಗೆ ದಿನಕ್ಕೆ 3,510 ಮಿಲಿಗ್ರಾಂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಅಮೆರಿಕದಲ್ಲಿ ಚೀಟಿಯಿಲ್ಲದೆ ಮಾರುವ ಗುಳಿಗೆಯಲ್ಲಿ ಸಾಮಾನ್ಯವಾಗಿ ಇರುವುದು 99 ಮಿಲಿಗ್ರಾಂ ಮಾತ್ರ. ಆದುದರಿಂದ ಸೊಪ್ಪು, ಮೊಸರು, ಮೀನು, ಸಾರುಗಳ ದಾರಿಯೇ ನಡೆಯತಕ್ಕ ದಾರಿ. ಮೂತ್ರಪಿಂಡವು ದುರ್ಬಲವಾಗಿರುವವರಿಗೆ ಮಾತ್ರ ಈ ಮಾತು ತಲೆಕೆಳಗಾಗುತ್ತದೆ. ಹಾಗೆಯೇ ರಕ್ತದೊತ್ತಡಕ್ಕೆಂದು ಕೊಡುವ ಕೆಲವು ಔಷಧಗಳು ಪೊಟ್ಯಾಸಿಯಮ್ಮನ್ನು ಶರೀರದಲ್ಲಿಯೇ ಹಿಡಿದಿಡುತ್ತವೆ. ಅಂಥವರು ಪೊಟ್ಯಾಸಿಯಂ ಕ್ಲೋರೈಡಿನಿಂದ ಮಾಡಿದ ಬದಲಿ ಉಪ್ಪನ್ನು ಬಳಸುವ ಮುನ್ನ ರಕ್ತವನ್ನು ಪರೀಕ್ಷಿಸಿಕೊಂಡು ವೈದ್ಯನನ್ನು ಕೇಳುವುದು ಅಗತ್ಯ, ಏಕೆಂದರೆ ಪೊಟ್ಯಾಸಿಯಂ ಮಿತಿಮೀರಿದರೂ ಹೃದಯದ ಲಯವು ಕೆಡುತ್ತದೆ.