ಕುಲಾಂತರಿ ಬೆಳೆಗಳು: ಬೆಳಗಾವಿ–ಖಾನಾಪುರ ಸೀಮೆ

ಒಂದು ಜೀವಿಯ ವಂಶವಾಹಿಯನ್ನು ಬೇರ್ಪಡಿಸಿ ಮತ್ತೊಂದು ಜೀವಿಗೆ ಸೇರಿಸಿ ಪಡೆದ ಬೆಳೆಗಳನ್ನು ಕುಲಾಂತರಿ ಬೆಳೆಗಳೆನ್ನುತ್ತಾರೆ. ಈ ತಂತ್ರಕ್ಕೆ 1973ರಲ್ಲಿ ಸ್ಟ್ಯಾನ್ಲಿ ಕೊಹೆನ್ ಮತ್ತು ಹರ್ಬರ್ಟ್ ಬಾಯರ್ ಬ್ಯಾಕ್ಟೀರಿಯಾದಲ್ಲಿ ನಡೆಸಿದ ಪ್ರಯೋಗ ಅಡಿಪಾಯ ಹಾಕಿತು.

ಹತ್ತಿ: 2002ರ ಮಾರ್ಚ್‌ನಲ್ಲಿ ಕೇಂದ್ರದ ಜೆನೆಟಿಕ್ ಎಂಜಿನಿಯರಿಂಗ್ ಅನುಮೋದನಾ ಸಮಿತಿ ಬಿ.ಟಿ. ಹತ್ತಿಗೆ ಒಪ್ಪಿಗೆ ನೀಡಿತು. ಬೈಲಹೊಂಗಲ, ಸವದತ್ತಿ ಭಾಗದ ಎರೆಭೂಮಿಗೂ ಈ ಬೀಜ ಬಂತು. ಇದರಲ್ಲಿರುವುದು ಬ್ಯಾಸಿಲಸ್ ಥುರಿಂಜಿಯೆನ್ಸಿಸ್ (ಬಿ.ಟಿ.) ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಕ್ರೈ-1ಎಸಿ ವಂಶವಾಹಿ. ಅದರಿಂದ ಗಿಡದಲ್ಲಿ ತಯಾರಾಗುವ ಪ್ರೋಟೀನು ಕಾಯಿಕೊರಕದ ಕ್ಷಾರೀಯ ಕರುಳಿನಲ್ಲಿ ಕರಗಿ, ಕರುಳಿನ ಗೋಡೆಯನ್ನು ತೂತು ಮಾಡುತ್ತದೆ. ಹುಳು ತಿನ್ನುವುದನ್ನು ಬಿಟ್ಟು ಸಾಯುತ್ತದೆ. 2006ರಲ್ಲಿ ಎರಡು ವಂಶವಾಹಿಗಳ ಹತ್ತಿ ಬಂತು. ಕಾಲಕ್ರಮೇಣ ಗುಲಾಬಿ ಕಾಯಿಕೊರಕ ಇದಕ್ಕೂ ನಿರೋಧಕ ಶಕ್ತಿ ಬೆಳೆಸಿಕೊಂಡಿತು.

ಕುಡಚಿ ಬದನೆ: ಕೃಷ್ಣಾ ತೀರದ ಕುಡಚಿಯ ಹೆಸರು ಹೊತ್ತ 'ಕುಡಚಿ ಲೋಕಲ್' ಬದನೆ ಕುಲಾಂತರಿ ಬೆಳೆಗಳ ಚರಿತ್ರೆಯಲ್ಲಿ ಬೆಳಗಾವಿ ಜಿಲ್ಲೆಗೆ ವಿಶೇಷ ಸ್ಥಾನ ಕೊಟ್ಟಿದೆ. 2005ರಲ್ಲಿ ಮಹಿಕೊ ಬೀಜ ಕಂಪನಿಯೊಡನೆ ಮಾಡಿಕೊಂಡ ಒಪ್ಪಂದದಂತೆ ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಆರು ತಳಿಗಳನ್ನು ಆಯ್ದುಕೊಂಡಿತು. ಕುಡಚಿ, ಮಾಳಾಪುರ, ರಬಕವಿ, ಉಡುಪಿ ತಳಿಗಳು ಅವುಗಳಲ್ಲಿ ಸೇರಿದ್ದವು. ಮಹಿಕೊ ಮೊದಲು ಅಗ್ರೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದ ಮೂಲಕ ಇದೇ ಬಿ.ಟಿ. ವಂಶವಾಹಿಯನ್ನು ಬದನೆಯ ಕೋಶಕ್ಕೆ ಸೇರಿಸಿ ಗಿಡ ಬೆಳೆಸಿತ್ತು. ಆ ಗಿಡವನ್ನು ಸ್ಥಳೀಯ ತಳಿಯೊಡನೆ ಸಂಕರಿಸಿ, ಸಂತತಿಯನ್ನು ಮತ್ತೆ ಮತ್ತೆ ಸ್ಥಳೀಯ ತಳಿಗೇ ಕೂಡಿಸಿದರು. ಹೀಗಾಗಿ ಊರ ಬದನೆಯ ಗುಣ ಉಳಿದು, ಕೀಟನಿರೋಧಕ ವಂಶವಾಹಿಯೂ ಸೇರುತ್ತದೆ.

ತಡೆ: 2009ರ ಅಕ್ಟೋಬರ್‌ನಲ್ಲಿ ಸಮಿತಿ ಬಿ.ಟಿ. ಬದನೆಗೆ ಒಪ್ಪಿತು. ವಿರೋಧ ಎದ್ದಾಗ ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಸಾರ್ವಜನಿಕ ಸಭೆ ನಡೆಸಿದರು, ಕೊನೆಯದು ಬೆಂಗಳೂರಿನಲ್ಲಿ. 2010ರ ಫೆಬ್ರವರಿ 9ರಂದು ಅವರು ತಡೆ ಘೋಷಿಸಿದರು. ಅನುಮತಿಯಿಲ್ಲದೆ ಸ್ಥಳೀಯ ತಳಿಗಳನ್ನು ಬಳಸಿದ ಆರೋಪದ ಮೇಲೆ, ಜೀವವೈವಿಧ್ಯ ಕಾಯ್ದೆಯಡಿ 2012ರಲ್ಲಿ ಧಾರವಾಡದಲ್ಲಿ ಮೊಕದ್ದಮೆ ದಾಖಲಾಯಿತು. ಅತ್ತ ಬಾಂಗ್ಲಾದೇಶ 2013ರಲ್ಲೇ ಬಿ.ಟಿ. ಬದನೆಗೆ ಅನುಮತಿ ನೀಡಿತು.

ಭತ್ತ: ಮಲೆನಾಡಾದ ಖಾನಾಪುರದ ಮುಖ್ಯ ಬೆಳೆ ಭತ್ತ. ಭಾರತದಲ್ಲಿ ಕುಲಾಂತರಿ ಭತ್ತಕ್ಕೆ ಅನುಮತಿಯಿಲ್ಲ. ಆದರೆ ಹೊರಗಿನ ವಂಶವಾಹಿ ಸೇರಿಸದೆ, ಕ್ರಿಸ್ಪರ್ ತಂತ್ರದಿಂದ ಭತ್ತದ ವಂಶವಾಹಿಯನ್ನೇ ತಿದ್ದಿದ 'ಕಮಲಾ' ಮತ್ತು 'ಪೂಸಾ ಡಿಎಸ್‌ಟಿ ರೈಸ್ 1' ತಳಿಗಳನ್ನು 2025ರ ಮೇ ತಿಂಗಳಲ್ಲಿ ಪ್ರಕಟಿಸಲಾಯಿತು. 2022ರಲ್ಲೇ ಇಂಥ ತಳಿಗಳಿಗೆ ಕುಲಾಂತರಿ ನಿಯಮಗಳಿಂದ ವಿನಾಯಿತಿ ದೊರೆತಿತ್ತು.

ಭಾರತದಲ್ಲಿ ವಾಣಿಜ್ಯ ಬೇಸಾಯದಲ್ಲಿರುವ ಅಧಿಕೃತ ಕುಲಾಂತರಿ ಬೆಳೆ ಹತ್ತಿಯೊಂದೇ.